ಕರೆಯದ ಅಂಗಡಿಗೆ ಹೋಗುವುದು ಹೇಗೆ

ನನ್ನ ಕೆಲಸದಲ್ಲಿ ನಗು ಬರಿಸುವ ಸಂಗತಿಗಳಿಗೆ ಬರವಿಲ್ಲ, ತಿಂಗಳಿಗೆ ಒಂದೆರಡಾದರೂ ನಡೆದೇ ನಡೆಯುತ್ತವೆ. ನಡೆಯುವಾಗ ಮಾತ್ರ ನಗುವ ಸ್ಥಿತಿಯಲ್ಲಿ ನಾನಿರುವುದಿಲ್ಲ. ಆಮೇಲೆ ನಿಧಾನವಾಗಿ ನೆನೆದು ನಗೋಣ ಅಂದರೆ ಅಷ್ಟು ಹೊತ್ತಿಗೆ ಅಂಗಡಿಯೇ ಇರುವುದಿಲ್ಲ.

ಹುಟ್ಟಿನಿಂದಲೇ ನಾನು ಸಪ್ಪೆ ಮುಖದವನು. ಮದುವೆಯ ಫೋಟೋದಲ್ಲೂ ಯಾರನ್ನೋ ಮಣ್ಣು ಮಾಡಿ ಬಂದವನ ಹಾಗೆ ನಿಂತಿದ್ದೇನೆ ಅಂತ ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಇಂಗ್ಲಿಷ್ ಪತ್ರ ಬರೆಯುವ ಗುಮಾಸ್ತನಾಗಿದ್ದೆ. ಅದು ಮುಚ್ಚಿತು. ಮುಚ್ಚಿತು ಅನ್ನುವ ಪತ್ರವನ್ನೂ ನಾನೇ ಬರೆದೆ, ಚೆನ್ನಾಗಿ ಬರೆದಿದ್ದೀರಿ ಅಂತ ಮಾಲೀಕರು ಹೊಗಳಿದರು. ಐವತ್ತು ದಾಟಿದ ಮೇಲೆ ಕೋಲಾರದಲ್ಲಿ ಒಂದು ಸೂಪರ್ ಮಾರ್ಕೆಟ್ ಕಂಪನಿಯವರು ಕೆಲಸ ಕೊಟ್ಟರು. ಕೋಲಾರದಲ್ಲಿ ಅವರ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲೂ ಒಂದೊಂದು ತೆರೆಯಬೇಕು ಅಂತ ಹೊರಟಿದ್ದರು. ಊರೂರು ತಿರುಗಿ ಜಾಗ ನೋಡುವುದು, ತೆರೆದ ಮೇಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ನೋಡಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುವುದು ನನ್ನ ಕೆಲಸ.

ನಾನು ಬರೆದದ್ದನ್ನು ಓದುವವರು ಹೆಡ್ಡಾಫೀಸಿನ ಒಬ್ಬ ಮೇಡಂ. ವಯಸ್ಸಿನಲ್ಲಿ ನನ್ನ ಅರ್ಧ, ಮಾತು ಬಹಳ ಮರ್ಯಾದೆ. ಅಂಗಡಿ ಬೆಳೆಸುವ ವ್ಯವಹಾರಕ್ಕೆ ಅದರದೇ ಇಂಗ್ಲಿಷ್ ಇದೆ, ಅದನ್ನು ಸರಿಯಾಗಿ ಬರೆಯಬೇಕು ಅನ್ನುವುದು ಅವರ ಹಟ. ಜನ ಬಂದರು ಅಂತ ಬರೆದರೆ ಅದನ್ನು ಹೊಡೆದು ಹಾಕಿ ಫುಟ್‌ಫಾಲ್ ಅಂತ ಬರೆಯುವರು. ಬಂದವರಲ್ಲಿ ಎಷ್ಟು ಮಂದಿ ಕೊಂಡರು ಅನ್ನುವುದಕ್ಕೆ ಕನ್ವರ್ಷನ್ ಅನ್ನಬೇಕು. ಗಿರಾಕಿ ಒಳಗೆ ಎಷ್ಟು ಹೊತ್ತು ಇರುತ್ತಾನೆ ಅನ್ನುವುದು ಡ್ವೆಲ್ ಟೈಮ್. "ಸಾರ್, ನೀವು ಕಥೆ ಬರೀತೀರಿ. ಕಥೆ ಬೇಡ, ಟರ್ಮ್ಸ್ ಬರೀರಿ," ಅನ್ನುತ್ತಿದ್ದರು. ನನಗೆ ಕಥೆ ಬರೆಯುವ ಚಟ ಇರಲಿಲ್ಲ. ಈ ಊರುಗಳಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದರೆ ಅದು ಕಥೆಯಾಗಿಬಿಡುತ್ತಿತ್ತು, ಅಷ್ಟೆ.

ಮಾಲೂರಿನಲ್ಲಿ ಕುರ್ಚಿ ಹಾಕಿದ್ದು

ಅಂಗಡಿ ತೆರೆಯುವ ಮೊದಲು ಆ ಜಾಗದ ಮುಂದೆ ಎಷ್ಟು ಜನ ಓಡಾಡುತ್ತಾರೆ ಅಂತ ಎಣಿಸಬೇಕು. ಮಾಲೂರಿನಲ್ಲಿ ಸ್ಟೇಷನ್ ಕಡೆಯ ರಸ್ತೆಯಲ್ಲಿ ಒಂದು ಕಟ್ಟಡ ನೋಡಿದ್ದೆವು. ಎದುರಿನ ಟೀ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು, ಕಟ್ಟಡದ ಮುಂದೆ ಹಾಕಿಕೊಂಡು, ಎಣಿಸುವ ಯಂತ್ರ ಕೈಯಲ್ಲಿ ಹಿಡಿದು ಕೂತೆ. ಹೊಸಬನಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಅದೇ ಊರಿನ ಕಾರ್ಖಾನೆಯಲ್ಲಿ ಇಷ್ಟು ವರ್ಷ ಟೇಬಲ್ ಹಿಂದೆ ಕೂತಿದ್ದವನು.

ಮೊದಲು ಬಂದವನು ಹಿಂದೆ ನಮ್ಮ ಭಟ್ಟಿಯಲ್ಲಿ ಹೆಂಚು ಸುಡುತ್ತಿದ್ದವನು. "ಏನ್ ಸಾರ್, ಇಲ್ಲಿ ಕೂತ್ಬಿಟ್ಟಿದೀರಾ?" ಅಂದ.

"ಕಂಪನಿ ಕೆಲಸ ಕಣಪ್ಪ."

"ಹೆಸರು ಬರ್ಕೋತಿದೀರಾ?"

"ಹೆಸರೇನಿಲ್ಲ. ಸುಮ್ನೆ ಎಷ್ಟು ಜನ ಅಂತ ನೋಡ್ತಿದೀನಿ."

ಅವನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಹೋದ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಅಚ್ಚು ಹಾಕುತ್ತಿದ್ದವರು, ಲಾರಿಗೆ ತುಂಬುತ್ತಿದ್ದವರು, ಗೇಟಿನಲ್ಲಿ ಕೂರುತ್ತಿದ್ದ ವಾಚ್‌ಮನ್. ಕೆಲವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಒಬ್ಬ ಹಳೆಯ ಗೇಟ್ ಪಾಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ತಂದಿದ್ದ. ಕಾರ್ಖಾನೆ ಮತ್ತೆ ಶುರುವಾಗುತ್ತಂತೆ, ಸಾರ್ ಬಂದು ಲೆಕ್ಕ ತಗೋತಾ ಇದಾರಂತೆ ಅಂತ ಊರೆಲ್ಲ ಸುದ್ದಿಯಾಗಿತ್ತು. ಇದು ಸೂಪರ್ ಮಾರ್ಕೆಟ್ಟು, ಕಾರ್ಖಾನೆ ಅಲ್ಲ ಅಂತ ನಾನು ಪ್ರತಿಯೊಬ್ಬರಿಗೂ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಮೇಲಿನವ್ರು ಈಗ್ಲೇ ಹೇಳ್ಬೇಡಿ ಅಂದವ್ರೆ ಅಂತ ಕಾಣ್ತದೆ. ನಮಗೆ ಗೊತ್ತಾಗ್ತದೆ ಬಿಡಿ ಸಾರ್," ಅಂದರು. ಟೀ ಅಂಗಡಿಯವನು ನನಗೆ ದುಡ್ಡು ತೆಗೆದುಕೊಳ್ಳದೆ ಟೀ ಕೊಟ್ಟ. ಅವನ ಭಾಮೈದನೂ ನಮ್ಮ ಭಟ್ಟಿಯವನೇ.

ವರದಿಯಲ್ಲಿ ಅಂಕಿ ಬರೆದು, ಇವರಲ್ಲಿ ಮುಕ್ಕಾಲು ಪಾಲು ಕೆಲಸ ಕೇಳಿಕೊಂಡು ಬಂದ ಹಳೆಯ ಕಾರ್ಮಿಕರು ಅಂತ ಕೆಳಗೆ ಸೇರಿಸಿದೆ. ಮೇಡಂ ಆ ಸಾಲನ್ನು ತೆಗೆದು ಹಾಕಿದರು. "ಯಾಕೆ ಬಂದ್ರು ಅನ್ನೋದು ಬೇಡ ಸಾರ್. ಫುಟ್‌ಫಾಲ್ ಅಂದ್ರೆ ಫುಟ್‌ಫಾಲ್." ಆ ಅಂಕಿ ನೋಡಿ ಕಂಪನಿ ಖುಷಿಯಾಗಿ ದೊಡ್ಡದಾಗಿ ಅಂಗಡಿ ತೆರೆಯಿತು. ನಮ್ಮವರು ಬಂದು ಗಾಜಿನ ಹೊರಗೆ ನಿಂತು, ಒಳಗೆ ನಿಜವಾಗಿಯೂ ಬೇಳೆ ಅಕ್ಕಿಯೇ ಇದೆ ಅನ್ನುವುದನ್ನು ನೋಡಿಕೊಂಡು ಹೋದರು. ಮತ್ತೆ ಬರಲಿಲ್ಲ.

ವರ್ಷ ತುಂಬುವ ಮೊದಲೇ ಬಾಗಿಲು ಹಾಕಿದರು. ನಾನು ಮುಚ್ಚಲಾಗಿದೆ ಅಂತ ಬರೆದೆ. ಮೇಡಂ ಫೋನ್ ಮಾಡಿ, "ನಾವು ಕ್ಲೋಸ್ ಅಂತ ಬರೆಯಲ್ಲ ಸಾರ್, ರೀಲೊಕೇಟ್ ಅಂತ ಬರೀಬೇಕು, ಅಂದ್ರೆ ಬೇರೆ ಕಡೆಗೆ ಹೋಗ್ತಿದೆ ಅಂತ," ಅಂದರು.

"ಯಾವ ಕಡೆಗೆ ಮೇಡಂ?"

"ಅದಿನ್ನೂ ಡಿಸೈಡ್ ಆಗಿಲ್ಲ ಸಾರ್."

ಪುಂಗನೂರು, ಪುಂಗನೂರು

ಮುಳಬಾಗಿಲಿನ ಅಂಗಡಿಯಲ್ಲಿ ಹಾಗಾಗಲಿಲ್ಲ. ಜನ ಬಂದರು, ಬಂದವರು ಹೋಗಲೇ ಇಲ್ಲ. ಒಬ್ಬೊಬ್ಬರೂ ಮುಕ್ಕಾಲು ಗಂಟೆ, ಒಂದು ಗಂಟೆ ಒಳಗೇ. ಇಂಥ ಡ್ವೆಲ್ ಟೈಮ್ ಬೆಂಗಳೂರಿನಲ್ಲೇ ಇಲ್ಲ, ಮುಳಬಾಗಿಲಿನವರಿಗೆ ನಮ್ಮ ಸ್ಟೋರ್ ಮೇಲೆ ಅಷ್ಟು ಪ್ರೀತಿ ಯಾಕೆ ಅಂತ ಅಧ್ಯಯನ ಮಾಡಿ ಬರೆಯಿರಿ ಅಂತ ಮೇಡಂ ಅಪ್ಪಣೆ ಕೊಡಿಸಿದರು.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ. ಬೈರಕೂರಿನ ಕಡೆಯ ಒಬ್ಬ ಯಜಮಾನರು ಇಪ್ಪತ್ತೈದು ಕೇಜಿ ಅಕ್ಕಿ ಮೂಟೆಯ ಮೇಲೆ ಕೂತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಇಬ್ಬರು ಹೆಂಗಸರು ಸೋಪಿನ ರ‍್ಯಾಕಿಗೆ ಒರಗಿ ಯಾರದೋ ಸೊಸೆಯ ವಿಚಾರ ಮಾತಾಡುತ್ತಿದ್ದರು. ಮಗುವೊಂದು ಬಿಸ್ಕತ್ತಿನ ಮುಂದೆ ಮಲಗಿ ನಿದ್ದೆ ಹೋಗಿತ್ತು. ಏಸಿ ತಣ್ಣಗೆ ಬೀಸುತ್ತಿತ್ತು.

"ಏನ್ ತಗೊಂಡ್ರಿ ಯಜಮಾನ್ರೇ?" ಅಂದೆ.

"ಇನ್ನೂ ನೋಡ್ತಾ ಇದೀನಿ ಸಾಮಿ," ಅಂದರು. ಅವರು ನೋಡುತ್ತಿದ್ದದ್ದು ಬಾಗಿಲ ಕಡೆಗೆ.

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಖಾಸಗಿ ಬಸ್ಸಿನ ಕಂಡಕ್ಟರ್ ತಲೆ ಒಳಗೆ ಹಾಕಿ, "ಪುಂಗನೂರು, ಪುಂಗನೂರು, ಯಾರ್ರೀ ಪುಂಗನೂರು," ಅಂತ ಕೂಗಿದ. ಅಂಗಡಿಯ ಅರ್ಧ ಜನ ಎದ್ದು ಹೋದರು. ಬಿಲ್ಲಿಂಗಿಗೆ ನಿಂತಿದ್ದ ಒಬ್ಬನೇ ಒಬ್ಬ ಗಿರಾಕಿಯೂ ಟೂತ್‌ಪೇಸ್ಟನ್ನು ಕೌಂಟರಿನ ಮೇಲೇ ಬಿಟ್ಟು ಓಡಿದ. ಉಳಿದವರು ಚಿತ್ತೂರಿನ ಬಸ್ಸಿಗೆ ಕಾಯುತ್ತಿದ್ದರು. ನಮ್ಮ ಸೆಕ್ಯುರಿಟಿಯವನು ಅವರಿಗೆ, "ಅದು ಇವತ್ತು ಲೇಟು, ಕೂತ್ಕೊಳ್ಳಿ," ಅಂತ ಧೈರ್ಯ ಹೇಳಿದ.

ಹೊರಗಿನ ತಂಗುದಾಣದಲ್ಲಿ ನೆರಳಿಲ್ಲ, ನಮ್ಮಲ್ಲಿ ಏಸಿ ಇದೆ, ಪ್ರೀತಿಗೆ ಕಾರಣ ಇಷ್ಟೇ ಅಂತ ಬರೆದು ಕಳಿಸಿದೆ. ಕರೆಂಟ್ ಉಳಿಸಲು ಏಸಿ ನಿಲ್ಲಿಸಿ ಅಂತ ಆದೇಶ ಬಂತು. ನಿಲ್ಲಿಸಿದ ಮಾರನೇ ದಿನ ಒಳಗೆ ಯಾರೂ ಇಲ್ಲ. ಕಂಡಕ್ಟರ್ ಮಾತ್ರ ಅಭ್ಯಾಸ ಬಲದಿಂದ ತಲೆ ಹಾಕಿದ. ಖಾಲಿ ಅಂಗಡಿ ನೋಡಿ, ನನ್ನನ್ನೂ ನೋಡಿ, "ನೀವಾದ್ರೂ ಬರ್ತೀರಾ ಸಾರ್?" ಅಂದ.

ಹೋಗಿಬಿಡೋಣ ಅನ್ನಿಸಿದ್ದು ನಿಜ.

ಸದ್ದಿಲ್ಲದೆ ತೆರೆದ ಬಾಗಿಲು

ಮುಳಬಾಗಿಲಿನದೂ ರೀಲೊಕೇಟ್ ಆಯಿತು, ಉಳಿದದ್ದು ಶ್ರೀನಿವಾಸಪುರ. ಇದೊಂದು ನಿಂತರೆ ಸರಿ, ಇದೂ ನಿಲ್ಲದಿದ್ದರೆ ಈ ಭಾಗದ ವಿಸ್ತರಣೆಯನ್ನೇ ಕೈಬಿಡುತ್ತೇವೆ ಅಂತ ಹೆಡ್ಡಾಫೀಸು ಸ್ಪಷ್ಟವಾಗಿ ಹೇಳಿತು. ಕೈಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ನನ್ನದು ಬಿಡಿ, ಒಂದು ಸಲ ಹೋಗಿ ಅಭ್ಯಾಸವಾಗಿದೆ. ಅಲ್ಲಿಗೆ ಮ್ಯಾನೇಜರ್ ಆಗಿ ಬಂದ ಹೆಣ್ಣುಮಗಳದು ಹಾಗಲ್ಲ. ಗೌನಿಪಲ್ಲಿ ಕಡೆಯವರು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುತ್ತಿದ್ದವರು, ಕೋಲಾರದ ಅಂಗಡಿಗೆ ಬಿಲ್ ಹಾಕಲು ಸೇರಿ, ದಿನಾ ಬಸ್ಸಿನಲ್ಲಿ ಓಡಾಡಿ, ಮೇಲೆ ಬಂದಿದ್ದರು. "ಇದು ನಿಂತ್ರೆ ನಾನು ನಿಂತೆ ಸಾರ್. ಇಲ್ದಿದ್ರೆ ಮತ್ತೆ ಅದೇ ಮಂಡಿ, ಅದೇ ಕಾಯಿ," ಅಂತ ಮೊದಲ ದಿನವೇ ಹೇಳಿದರು. ನಗುತ್ತಲೇ ಹೇಳಿದರು. ನಾನು ಕಾಲಿಟ್ಟ ಕಡೆಯೆಲ್ಲ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಈ ಸಲ ಹೆಡ್ಡಾಫೀಸಿನವರು ಸಾಫ್ಟ್ ಲಾಂಚ್ ಮಾಡಿ ಅಂದರು. ಅಂದರೆ ಪ್ರಚಾರ, ಹೂವಿನ ಹಾರ, ಪೂಜೆ ಏನೂ ಇಲ್ಲದೆ ಸುಮ್ಮನೆ ಬಾಗಿಲು ತೆರೆಯುವುದು. ಜನ ಬರುತ್ತಾರೆ, ನಮ್ಮ ತಪ್ಪುಗಳು ಗೊತ್ತಾಗುತ್ತವೆ, ತಿದ್ದಿಕೊಂಡು ಆಮೇಲೆ ಗ್ರ್ಯಾಂಡ್ ಓಪನಿಂಗ್. ಬೆಂಗಳೂರಿನಲ್ಲಿ ಹೀಗೇ ಮಾಡುವುದಂತೆ.

ಬಾಗಿಲು ತೆರೆದೆವು. ಯಾರೂ ಬರಲಿಲ್ಲ. ಜನ ಓಡಾಡುತ್ತಿದ್ದರು, ಒಳಗಿನ ದೀಪ ನೋಡುತ್ತಿದ್ದರು, ಮ್ಯಾನೇಜರಮ್ಮನ ಕಡೆ ನೋಡಿ ಪರಿಚಯದ ನಗು ನಗುತ್ತಿದ್ದರು, ಮುಂದೆ ಹೋಗುತ್ತಿದ್ದರು. ಒಂದು ವಾರ ಹೀಗೇ. ಎದುರು ಮನೆಯ ಅಜ್ಜಿ ದಿನಾ ಜಗಲಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ಮ್ಯಾನೇಜರಮ್ಮನೇ ರಸ್ತೆ ದಾಟಿ ಹೋದರು, ನಾನೂ ಹಿಂದೆ ಹೋದೆ.

"ಏನಜ್ಜಿ, ಇಷ್ಟು ದಿನ ಆಯ್ತು, ಒಂದು ಸಲಾನೂ ಒಳಗೆ ಬರ್ಲಿಲ್ವಲ್ಲ?"

"ನೀವು ಕರೆದ್ರಾ?" ಅಂದರು ಅಜ್ಜಿ.

"ಅಂಗಡಿಗೆ ಯಾರಾದ್ರೂ ಕರೀತಾರಾ ಅಜ್ಜಿ?"

"ಹಳೇ ಅಂಗಡಿಗೆ ಬೇಡಮ್ಮ. ಹೊಸಾದಕ್ಕೆ ಕರೀದೆ ಹೆಂಗೆ ಬರೋದು? ಪಿಲವಕುಂಡಾ ಎಟ್ಲಾ ವಚ್ಚೇದಿ?" ಅಂತ ತೆಲುಗಿನಲ್ಲೂ ಒಂದು ಸಲ ಹೇಳಿದರು, ಕನ್ನಡದಲ್ಲಿ ನಮಗೆ ನಾಟಿಲ್ಲವೇನೋ ಅಂತ. "ಪೂಜೆ ಇಲ್ಲ, ತೋರಣ ಇಲ್ಲ, ಕದ್ದುಮುಚ್ಚಿ ಬಾಗಿಲು ತೆಗೆದಿದೀರ. ಹೇಳ್ಕೊಳ್ಳೋಕಾಗ್ದೆ ಇರೋ ಅಂಥಾದ್ದು ಏನಾಯ್ತೋ ಪಾಪ ಅಂತ ಬೀದಿಯೋರೆಲ್ಲ ಮಾತಾಡ್ಕೋತಿದೀವಿ."

ಮೇಡಂ ಕೇಳಿದರು, ಸಾಫ್ಟ್ ಲಾಂಚಿನಲ್ಲಿ ಗೊತ್ತಾದ ತಪ್ಪುಗಳೇನು ಅಂತ. ಸಾಫ್ಟ್ ಲಾಂಚು ಅಂತ ಬರೆದೆ.

ಗೋಡೆ ತುಂಬ ಗಡಿಯಾರ

ಗ್ರ್ಯಾಂಡ್ ಓಪನಿಂಗಿಗೆ ಕರೆಯಲೇಬೇಕು ಅಂತ ಮ್ಯಾನೇಜರಮ್ಮ ಪಟ್ಟು ಹಿಡಿದರು. ಕಾರ್ಡು ಅಚ್ಚಾಯಿತು. ಕಟ್ಟಡದ ಮಾಲೀಕರು ಮಾವಿನ ಮಂಡಿಯ ಯಜಮಾನರು, ಊರಿನಲ್ಲಿ ಅವರನ್ನು ಕಂಡರೆ ಎಲ್ಲರಿಗೂ ಗೌರವ. ಅವರೂ ನಮ್ಮ ಜೊತೆ ಮನೆ ಮನೆಗೆ ಬಂದರು. ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿ, "ಮನೆಮಂದಿಯೆಲ್ಲ ಬರಬೇಕು," ಅಂತ ಕರೆದೆವು.

ಮನೆಮಂದಿಯೆಲ್ಲ ಬಂದರು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿಕೊಂಡು ಬಂದರು. ಬಂದವರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಡಬ್ಬಿಗಳು. ಮೊದಲನೆಯದನ್ನು ಎದುರು ಮನೆಯ ಅಜ್ಜಿ ಮ್ಯಾನೇಜರಮ್ಮನ ಕೈಗಿಟ್ಟು, ಫೋಟೋದವನ ಕಡೆ ತಿರುಗಿ ನಿಂತರು. ಬಿಚ್ಚಿದರೆ ಗೋಡೆ ಗಡಿಯಾರ, ಕೆಳಗೆ ಅವರ ಮನೆಯವರ ಹೆಸರು. ಎರಡನೆಯದೂ ಗಡಿಯಾರ. ಮೂರನೆಯದು ಸ್ಟೀಲ್ ಡಬರಿ, ಆಮೇಲೆ ಮತ್ತೆ ಗಡಿಯಾರ. ಕಾರ್ಡು ಕೊಟ್ಟು ಕರೆದ ಮೇಲೆ ಮುಯ್ಯಿ ಇಲ್ಲದೆ ಯಾರು ಬರುತ್ತಾರೆ?

ಅಂಗಡಿ ಕಿಕ್ಕಿರಿದಿತ್ತು, ಒಂದು ಬೆಂಕಿಪೊಟ್ಟಣವೂ ಮಾರಾಟವಾಗಲಿಲ್ಲ. ನಾನು ಒಬ್ಬರನ್ನು ಮೆಲ್ಲಗೆ, "ಏನಾದ್ರೂ ತಗೋಬಹುದಲ್ಲಾ," ಅಂತ ಕೇಳಿದೆ. ಅವರು ನಾಚಿಕೊಂಡು, "ಛೆ, ಶುಭ ಕಾರ್ಯಕ್ಕೆ ಬಂದು ಬೇಳೆ ಕಟ್ಟಿಸ್ಕೊಂಡು ಹೋಗೋದಾ? ಚೆನ್ನಾಗಿರಲ್ಲ ಸಾರ್," ಅಂದರು. ಎಲ್ಲರೂ ಸುತ್ತಾಡಿ ನೋಡಿ, ಚೆನ್ನಾಗಿ ಕಟ್ಟಿಸಿದೀರ ಅಂತ ಹೊಗಳಿ, ಗೋಡೆಗೆ ಒರಗಿ ನಿಂತರು. ನಿಂತೇ ಇದ್ದರು. ಮಂಡಿ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಎಲೆ ಎಲ್ಲಿ ಹಾಕ್ಸಿದೀರ ಸಾರ್?" ಅಂದರು. ಊಟ ಇಲ್ಲ ಅಂತ ಹೇಳುವ ಧೈರ್ಯ ನನಗಾಗಲಿಲ್ಲ. ಅವರೇ ಮುಖ ನೋಡಿ ಅರ್ಥ ಮಾಡಿಕೊಂಡು, ಹೋಟೆಲಿಗೆ ಹೇಳಿ ಕೇಸರಿಬಾತು ಉಪ್ಪಿಟ್ಟು ತರಿಸಿ ಮಾನ ಉಳಿಸಿದರು.

ಗಡಿಯಾರಗಳನ್ನೆಲ್ಲ ತಗುಲಿಹಾಕಲೇಬೇಕಾಯಿತು. ಕೊಟ್ಟವರು ಮಾರನೇ ದಿನದಿಂದ ಸಾಮಾನಿಗೆ ಬಂದಾಗಲೆಲ್ಲ ಮೊದಲು ತಮ್ಮದು ಎಲ್ಲಿದೆ ಅಂತ ನೋಡುತ್ತಿದ್ದರು. ಫೋಟೋ ನೋಡಿದ ಮೇಡಂ, ಗಡಿಯಾರದ ಸೆಕ್ಷನ್ ಯಾಕೆ ಇಷ್ಟು ದೊಡ್ಡದಿದೆ, ಒಂದೂ ಮಾರಾಟವಾದ ದಾಖಲೆಯೇ ಇಲ್ಲವಲ್ಲ ಅಂತ ವಿವರಣೆ ಕೇಳಿದರು.

ಮದುವೆಗೆ ಹೋಗದ ಅಂಗಡಿ

ಅಲ್ಲಿಂದ ಮುಂದೆ ವ್ಯಾಪಾರ ಚೆನ್ನಾಗಿಯೇ ಆಯಿತು. ಜನ ಕೈಚೀಲ ಹಿಡಿದು ಬಂದರು, ತುಂಬಿಕೊಂಡು ಹೋದರು. ಮ್ಯಾನೇಜರಮ್ಮ ಎಲ್ಲರನ್ನೂ ಅತ್ತೆ, ಮಾವ, ಅಕ್ಕ ಅಂತ ಕರೆಯುತ್ತಿದ್ದರು. ನಾನು ಬರೆಯುವ ಅಂಕಿಗಳಿಗೆ ಮೊದಲ ಸಲ ಮೇಡಂ ಬೆನ್ನು ತಟ್ಟಿದರು. ನನಗೆ ರಾತ್ರಿ ನಿದ್ದೆ ಬರುತ್ತಿತ್ತು. ಇದು ಒಳ್ಳೆಯ ಲಕ್ಷಣವಲ್ಲ ಅಂತ ಆಗಲೇ ಅನ್ನಿಸಿತ್ತು.

ಮುಯ್ಯಿ ಅಂದಮೇಲೆ ಅದು ಎರಡು ಕಡೆಯ ವ್ಯವಹಾರ. ಲಗ್ನದ ಕಾಲ ಬಂತು, ಅಂಗಡಿಗೆ ಲಗ್ನಪತ್ರಿಕೆಗಳು ಬರತೊಡಗಿದವು. ಮೇಲೆ ಅಂಗಡಿಯ ಹೆಸರು, ಕೆಳಗೆ "ಸಕುಟುಂಬ ಸಮೇತ." ನಾವು ಹೋಗಬೇಕು, ಉಡುಗೊರೆ ಕೊಡಬೇಕು. ಗಿರಾಕಿಗಳ ಮದುವೆಗೆ ಹೋಗಲು ಅನುಮತಿ ಬೇಕು ಅಂತ ನಾನು ಬರೆದೆ. ಮೇಡಂ ಅದನ್ನು ಕಮ್ಯುನಿಟಿ ಔಟ್‌ರೀಚ್ ಅಂತ ತಿದ್ದಿದರು. ತಿದ್ದಿದ ಕೂಡಲೇ ಅದಕ್ಕೊಂದು ನಿಯಮವೂ ಸಿಕ್ಕಿತು, ಮೂರು ತಿಂಗಳಿಗೆ ಒಂದೇ ಔಟ್‌ರೀಚ್.

ಆ ಒಂದನ್ನು ಮಂಡಿ ಯಜಮಾನರ ಮಗಳ ಮದುವೆಗೆ ಬಳಸಿದೆವು. ಅದೇ ದಿನ, ಅದೇ ಮುಹೂರ್ತಕ್ಕೆ ಎದುರು ಮನೆಯ ಅಜ್ಜಿಯ ಮೊಮ್ಮಗನ ಮದುವೆಯೂ ಇತ್ತು. ಒಬ್ಬರಾದರೂ ಅಲ್ಲಿಗೆ ಹೋಗಬೇಕಿತ್ತು. ಅಂಗಡಿ ನೋಡಿಕೊಳ್ಳಲು ಜನ ಸಾಲದೆ ಹೋಗಲಾಗಲಿಲ್ಲ.

ಅಜ್ಜಿ ಜಗಳವಾಡಲಿಲ್ಲ. ಮದುವೆ ಗಲಾಟೆ ಮುಗಿದ ಮೇಲೆ ಒಂದು ಬೆಳಿಗ್ಗೆ ದೊಡ್ಡ ಚೀಲ ಹಿಡಿದು ಮನೆಯಿಂದ ಹೊರಟರು, ನಮ್ಮ ಗಾಜಿನ ಮುಂದೆ ನಿಧಾನವಾಗಿ ನಡೆದರು, ಮೂಲೆಯ ಹಳೇ ಅಂಗಡಿಗೆ ಹೋದರು. ವಾಪಸ್ಸು ಬರುವಾಗ ಇನ್ನೂ ನಿಧಾನವಾಗಿ ನಡೆದರು. ಮರುದಿನ ಅವರ ಸೊಸೆಯಂದಿರು, ಅದರ ಮರುದಿನ ಅವರ ನೆಂಟರ ಬೀದಿಯವರು, ಆಮೇಲೆ ಅಜ್ಜಿಗೆ ಬೇಸರವಾಗಿದೆ ಅಂತ ತಿಳಿದವರೆಲ್ಲ. ಆ ಊರಿನಲ್ಲಿ ಅಜ್ಜಿಗೆ ಸಂಬಂಧವಿಲ್ಲದವನು ಬಹುಶಃ ನಾನೊಬ್ಬನೇ.

ಮದುವೆಗೆ ಹೋಗದ ಕಾರಣ ವ್ಯಾಪಾರ ಬಿದ್ದಿದೆ ಅಂತ ಬರೆದೆ. ಮೇಡಂ, "ಸಾರ್, ಮತ್ತೆ ಕಥೆ. ಸೀಸನಲ್ ಡಿಪ್ ಅಂತ ಬರೀರಿ," ಅಂದರು. ಲಗ್ನದ ಕಾಲದಲ್ಲೇ ಬಿದ್ದದ್ದರಿಂದ ಅದೂ ಸುಳ್ಳಲ್ಲ ಅಂತ ಹಾಗೇ ಬರೆದೆ.

ಕೊನೆಗೆ ಮ್ಯಾನೇಜರಮ್ಮನೂ ನಾನೂ ನಮ್ಮ ಕೈಯಿಂದಲೇ ಉಡುಗೊರೆ ಕೊಂಡು ಅಜ್ಜಿಯ ಮನೆಗೆ ಹೋದೆವು. ಏನು ಕೊಂಡೆವು ಅಂತ ಬೇರೆ ಹೇಳಬೇಕಾಗಿಲ್ಲ, ಗೋಡೆ ಗಡಿಯಾರ. ಅಜ್ಜಿ ಬಿಚ್ಚಿ ನೋಡಿದರು, ಮೊಳೆ ಹೊಡೆಸಿ ತಗುಲಿಹಾಕಿಸಿದರು, ಆಮೇಲೆ ಚಾಪೆ ಹಾಕಿ ಕೂರಿಸಿ ಮುದ್ದೆ, ಬಸ್ಸಾರು ಬಡಿಸಿದರು. "ಇಷ್ಟಕ್ಕೆ ಇಷ್ಟು ದಿನ ಬೇಕಾಯ್ತಾ ನಿಮ್ಗೆ?" ಅಂದರು. ಮ್ಯಾನೇಜರಮ್ಮ ಕಣ್ಣು ಒರೆಸಿಕೊಂಡರು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಇಡೀ ಬೀದಿ ಚೀಲ ಹಿಡಿದು ನಿಂತಿತ್ತು.

ಅದರ ಹಿಂದಿನ ಸಂಜೆಯೇ ಮೂರು ತಿಂಗಳ ಲೆಕ್ಕ ಹೆಡ್ಡಾಫೀಸಿಗೆ ಹೋಗಿಯಾಗಿತ್ತು.

ಎಷ್ಟೊತ್ತಿಗೆ ಆಯ್ತು

ಆ ಲೆಕ್ಕದ ಮೇಲೆ ತೀರ್ಮಾನವಾಯಿತು. ಮೇಡಂ ಪತ್ರ ಕಳಿಸಿದರು. ಶ್ರೀನಿವಾಸಪುರದ ಸ್ಟೋರನ್ನು ಕೋಲಾರದೊಂದಿಗೆ ಕನ್ಸಾಲಿಡೇಟ್ ಮಾಡಲಾಗುವುದು, ಇದು ನಮ್ಮ ವಿಸ್ತರಣೆಯ ಎರಡನೇ ಹಂತ ಅಂತ ಅದರಲ್ಲಿತ್ತು. ಇಷ್ಟು ವರ್ಷ ಇಂಥ ಪತ್ರ ಬರೆದವನು ನಾನು, ಅದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಮ್ಯಾನೇಜರಮ್ಮನಿಗೆ ಓದಿ ಹೇಳಿದೆ. "ಅಂದ್ರೆ ಮುಚ್ತಾರೆ ಅಲ್ವಾ ಸಾರ್?" ಅಂದರು. ಹೂಂ ಅಂದೆ. ಅವರು ಎದ್ದು ಹೋಗಿ, ಯಾರೋ ಎಳೆದು ಬಿಟ್ಟುಹೋಗಿದ್ದ ಸಾಬೂನುಗಳನ್ನು ಸಾಲಾಗಿ ಜೋಡಿಸಿದರು.

ಒಂದಷ್ಟು ದಿನ ಎಲ್ಲ ಸಾಮಾನನ್ನೂ ಅರ್ಧ ಬೆಲೆಗೆ ಮಾರಿ, ಮಿಕ್ಕದ್ದನ್ನು ಲಾರಿಗೆ ಹಾಕಿ ಕಳಿಸಬೇಕು ಅಂತ ಆದೇಶ. ಚೆನ್ನಾಗಿ ಮಾರಾಟವಾದರೆ ಮ್ಯಾನೇಜರಮ್ಮನನ್ನು ಕೋಲಾರದಲ್ಲಿ ಉಳಿಸಿಕೊಳ್ಳುವ ಬಗ್ಗೆ ಯೋಚಿಸುತ್ತೇವೆ ಅಂತಲೂ ಇತ್ತು. ಅರ್ಧ ಬೆಲೆ ಅಂದರೆ ಯಾರು ಬಿಡುತ್ತಾರೆ, ಒಂದೇ ದಿನದಲ್ಲಿ ಖಾಲಿ ಅಂತ ನಾನು ಧೈರ್ಯ ಹೇಳಿದೆ. ನಾನು ಧೈರ್ಯ ಹೇಳಿದ್ದು ಅದೇ ಮೊದಲು.

ಬಾಗಿಲಿಗೆ ಬೋರ್ಡು ಹಾಕಿದೆವು. ಊರೆಲ್ಲ ಬಂತು. ಓಪನಿಂಗಿಗಿಂತ ಹೆಚ್ಚು ಜನ. ಆದರೆ ಯಾರ ಕೈಯಲ್ಲೂ ಚೀಲವಿಲ್ಲ, ಯಾರ ತಲೆಯಲ್ಲೂ ಹೂವಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದರು. ಹೆಂಗಸರು ಮ್ಯಾನೇಜರಮ್ಮನ ಸುತ್ತ, ಬಿಲ್ಲಿಂಗ್ ಕೌಂಟರಿನ ಕೆಳಗೆ ನೆಲದ ಮೇಲೆ ಕೂತರು. ಒಬ್ಬರು ಅವರ ಕೈ ಹಿಡಿದುಕೊಂಡರು. ಗಂಡಸರು ಹೊರಗೆ ಕೈಕಟ್ಟಿ ನಿಂತರು. ಮಂಡಿ ಯಜಮಾನರು ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಎಷ್ಟೊತ್ತಿಗೆ ಆಯ್ತು ಸಾರ್?"

"ಬೆಳಿಗ್ಗೆ ಹತ್ತರ ಹಾಗೆ ಮೇಲ್ ಬಂತು," ಅಂದೆ.

"ಜಾಸ್ತಿ ಎಳೀಲಿಲ್ವಲ್ಲ, ಅಷ್ಟಾದ್ರೂ ಪುಣ್ಯ," ಅಂದರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅಜ್ಜಿ ಕ್ಯಾರಿಯರಿನಲ್ಲಿ ಅನ್ನ, ತಿಳಿಸಾರು ತಂದಿದ್ದರು. ಏಳು ತಾಯಿ, ಒಂದು ತುತ್ತು ತಿನ್ನು ಅಂತ ಮ್ಯಾನೇಜರಮ್ಮನಿಗೆ ಒತ್ತಾಯ ಮಾಡಿ ಉಣ್ಣಿಸಿದರು. ನನಗೂ ಒಂದು ತಟ್ಟೆ ಬಂತು. ಅರ್ಧ ಬೆಲೆಯ ಎಣ್ಣೆ, ಬೇಳೆ, ಸಕ್ಕರೆ ಸುತ್ತಲೂ ಇದ್ದವು. ಯಾರೂ ಮುಟ್ಟಲಿಲ್ಲ. ಸಾವಿನ ಮನೆಯಿಂದ ಏನಾದರೂ ಎತ್ತಿಕೊಂಡು ಹೋಗುತ್ತಾರೆಯೇ? ಹೊರಡುವಾಗ ಯಾರೂ ಹೋಗಿಬರ್ತೀವಿ ಅನ್ನಲಿಲ್ಲ, ಅಂಥ ಮನೆಯಲ್ಲಿ ಹಾಗೆ ಅನ್ನುವುದಿಲ್ಲ. ಸುಮ್ಮನೆ ಎದ್ದು ಹೋದರು. ಗೋಡೆಯ ಗಡಿಯಾರಗಳು ಒಂದೊಂದು ಒಂದೊಂದು ಗಂಟೆ ತೋರಿಸುತ್ತಿದ್ದವು.

ಸಂಜೆ ಮೇಡಂ ಫೋನ್ ಮಾಡಿದರು. "ಸಾರ್, ಇವತ್ತಿನ ಫುಟ್‌ಫಾಲ್ ನಮ್ಮ ಇಡೀ ಕಂಪನಿಗೇ ಹೆಚ್ಚು. ಕನ್ವರ್ಷನ್ ಸೊನ್ನೆ. ಏನ್ ನಡೀತಿದೆ ಅಲ್ಲಿ?" ಇದಕ್ಕೆ ನಿಮ್ಮಲ್ಲಿ ಟರ್ಮ್ ಇಲ್ಲ ಮೇಡಂ ಅಂದೆ. ಅವರು ಮೊದಲ ಸಲ ತಿದ್ದಲಿಲ್ಲ.

ಆಮೇಲಿನ ದಿನಗಳಲ್ಲೂ ಹಾಗೇ. ದೂರದ ಹಳ್ಳಿಯವರು ಸುದ್ದಿ ತಡವಾಗಿ ತಿಳಿದು ಬಂದು ಮಾತಾಡಿಸಿಕೊಂಡು ಹೋದರು. ಒಂದು ಪೊಟ್ಟಣ ಉಪ್ಪೂ ಹೋಗಲಿಲ್ಲ. ಕೊನೆಗೆ ಲಾರಿ ಬಂತು, ಎಲ್ಲವನ್ನೂ ತುಂಬಿಕೊಂಡು ಕೋಲಾರಕ್ಕೆ ಹೋಯಿತು. ಮ್ಯಾನೇಜರಮ್ಮನಿಗೆ ಕೋಲಾರದಲ್ಲಿ ಜಾಗವಿಲ್ಲ ಅಂತಲೂ ತಿಳಿಸಿದರು. ಸೋಮವಾರದಿಂದ ಅವರು ಮಂಡಿಗೆ, ನಾನು ಮನೆಗೆ.

ಲಾರಿ ಹೋದ ಮಾರನೇ ದಿನವೇ ಹನ್ನೊಂದನೇ ದಿನ. ಊಟ ಹಾಕದೆ ಕಳಿಸಬಾರದು ಅಂತ ಮಂಡಿ ಯಜಮಾನರು ತಮ್ಮ ಮಂಡಿಯಲ್ಲೇ ಎಲೆ ಹಾಕಿಸಿದ್ದರು. ಪೂಜೆ ಗೀಜೆ ಏನೂ ಇರಲಿಲ್ಲ, ಬರೀ ಊಟ. ಪಾಯಸ, ವಡೆ, ಎಲ್ಲ ಇತ್ತು. ನಾನು ಚೆನ್ನಾಗಿ ಉಂಡೆ, ಉಂಡದ್ದಕ್ಕೆ ನನಗೇ ನಾಚಿಕೆಯಾಯಿತು. ಕೈ ತೊಳೆದು ಹೊರಗೆ ಬಂದರೆ, ಉಂಡವರೆಲ್ಲ ಮನೆಗೆ ಹೋಗುವ ಬದಲು ನಮ್ಮ ಅಂಗಡಿಯ ಕಡೆಗೆ ನಡೆಯುತ್ತಿದ್ದರು. ಹೆಂಗಸರು ಹೂ ಮುಡಿದಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಚೀಲ, ಕೆಲವರ ಕೈಯಲ್ಲಿ ಎರಡೆರಡು. ಎದುರು ಮನೆಯ ಅಜ್ಜಿ ಎಣ್ಣೆಗೆ ಅಂತ ಕ್ಯಾನನ್ನೇ ತಂದಿದ್ದರು.

"ತೆಗಿಯಮ್ಮಾ ಬಾಗ್ಲು," ಅಂದರು ಅಜ್ಜಿ. "ಇವತ್ತಿಗೆ ಎಲ್ಲಾ ಕಳೀತು. ಇನ್ನು ತಗೋಬಹುದು. ಅರ್ಧ ರೇಟು ಅಂತ ಬೋರ್ಡ್ ಹಾಕಿದ್ರಲ್ಲ, ಬೀದಿಯೋರೆಲ್ಲ ದಿನ ಎಣಿಸ್ತಾ ಕೂತಿದ್ವಿ."

ಮ್ಯಾನೇಜರಮ್ಮ ಶಟರ್ ಎತ್ತಿದರು. ಒಳಗೆ ಖಾಲಿ ರ‍್ಯಾಕು, ಗೋಡೆಯ ಮೇಲೆ ಗಡಿಯಾರಗಳು. ಎಲ್ಲರೂ ಚೀಲ ಹಿಡಿದು ನೋಡುತ್ತ ನಿಂತರು. ಲಾರಿ ನಿನ್ನೆಯೇ ಹೋಯಿತು ಅಂತ ನಾನು ಹೇಳಿದೆ.

ಅಜ್ಜಿ ಕ್ಯಾನನ್ನು ಕೆಳಗಿಟ್ಟು ಮ್ಯಾನೇಜರಮ್ಮನ ಗಲ್ಲ ಹಿಡಿದು, ನಿಜವಾಗಿಯೂ ನೊಂದುಕೊಂಡು ಹೇಳಿದರು: "ಅಯ್ಯೋ ನನ್ನ ತಾಯಿ, ಮೊದ್ಲೇ ಒಂದು ಮಾತು ಹೇಳ್ಬಾರ್ದಾಗಿತ್ತಾ? ದೂರದ ಸಂಬಂಧ ಅಂದ್ಕೊಂಡು ಮೂರೇ ದಿನಕ್ಕೆ ಸೂತಕ ಮುಗಿಸ್ಬಿಡ್ತಿದ್ವಿ."